ಪ್ರಚಾರಕ್ಕೆ ದುಡ್ಡು ಹಾಕುವ ಮೊದಲು ಗುರಿ ಬರೆಯುವುದು ಹೇಗೆ? ಚನ್ನಪಟ್ಟಣದ ಗೊಂಬೆ ಅಂಗಡಿಯ ಲೆಕ್ಕ ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

"ಈ ಸಲ ದಸರಾಕ್ಕೆ ಜೋರಾಗಿ ಪ್ರಚಾರ ಮಾಡಬೇಕು." ಅಂಗಡಿ ಇಟ್ಟವರ ಬಾಯಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮಾತಿಗೆ ತಕ್ಕ ಹಾಗೆ ಪ್ರಚಾರವೂ ನಡೆಯುತ್ತದೆ. ಫೋಟೋ ತೆಗೆಸುತ್ತಾರೆ, ಇನ್‌ಸ್ಟಾಗ್ರಾಮ್‌ನಲ್ಲಿ ಜಾಹೀರಾತು ಹಾಕುತ್ತಾರೆ, ಕರಪತ್ರ ಹಂಚಿಸುತ್ತಾರೆ. ಹಬ್ಬ ಮುಗಿದ ಮೇಲೆ "ಹೇಗಾಯ್ತು?" ಎಂದು ಕೇಳಿದರೆ, "ಪರವಾಗಿಲ್ಲ, ತುಂಬಾ ಜನ ನೋಡಿದರು" ಎನ್ನುತ್ತಾರೆ. ಹಾಕಿದ ದುಡ್ಡು ವಾಪಸ್ ಬಂತಾ? ಮುಂದಿನ ವರ್ಷವೂ ಹಾಕಬೇಕಾ? ಅದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ನಾನೂ ಈ ತಪ್ಪು ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ಪರಿಚಯದವರೊಬ್ಬರು ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರುತ್ತಿದ್ದರು. ಪ್ರಚಾರದ ಕೆಲಸ ನನಗೆ ಒಪ್ಪಿಸಿದರು. ನಾನು ಬರೆದ ಗುರಿ "5,000 ಫಾಲೋವರ್ಸ್". ಅಷ್ಟೂ ಜನ ಬಂದರು, ಆದರೆ ಮಾರಾಟ ಇದ್ದಲ್ಲೇ ಇತ್ತು. ಅವರು ಕೂಡಿಟ್ಟು ಹಾಕಿದ 15,000 ರೂಪಾಯಿ ಮರಳಿ ಬರಲಿಲ್ಲ. ಅದು ನನಗೆ ಇವತ್ತಿಗೂ ನೋವು. ಆಮೇಲೆ ಒಂದು ನಿಯಮ ಇಟ್ಟುಕೊಂಡೆ. ಸೋಲಲು ಸಾಧ್ಯವಿಲ್ಲದ ಗುರಿಯನ್ನು ಬರೆಯುವುದಿಲ್ಲ. "ಹೆಸರು ಹರಡಬೇಕು" ಎಂಬ ಗುರಿ ಯಾವತ್ತೂ ಸೋಲುವುದಿಲ್ಲ. ಹಾಗಾಗಿ ಅದು ಏನನ್ನೂ ಕಲಿಸುವುದಿಲ್ಲ. ಇಂಥ ದಿನದೊಳಗೆ ಇಷ್ಟು ಎಂದು ಮೊದಲೇ ಬರೆದಿಟ್ಟರೆ ಮಾತ್ರ ಆಯಿತೋ ಇಲ್ಲವೋ ಎಂದು ಹೇಳಬಹುದು.

ಉದಾಹರಣೆಗೆ ಚನ್ನಪಟ್ಟಣದ ಒಂದು ಸಣ್ಣ ಗೊಂಬೆ ಅಂಗಡಿಯನ್ನು ತೆಗೆದುಕೊಳ್ಳುತ್ತೇನೆ. ಅಂಗಡಿ ಕಲ್ಪನೆಯದು. ಅದರ ಬೆಲೆ, ಮಾರಾಟದ ಅಂಕಿಗಳೂ ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡವು. ನಿಮ್ಮದು ಸೀರೆ ಅಂಗಡಿ, ಹೋಂಸ್ಟೇ, ಟ್ಯೂಷನ್ ಕ್ಲಾಸ್ ಯಾವುದಾದರೂ ಇರಲಿ, ನಿಮ್ಮ ಅಂಕಿಗಳನ್ನು ಹಾಕಿಕೊಳ್ಳಿ. ಒಂದು ನೋಟ್‌ಬುಕ್ಕು, ಪೆನ್ನು, ಹೋದ ವರ್ಷದ ಬಿಲ್ ಪುಸ್ತಕ ಹತ್ತಿರ ಇರಲಿ.

ಹೆಜ್ಜೆ 1: ಮೊದಲು ತೊಂದರೆ ಏನೆಂದು ಬರೆಯಿರಿ

ಚನ್ನಪಟ್ಟಣ ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ, ಸುಮಾರು 60 ಕಿಲೋಮೀಟರ್ ದೂರದಲ್ಲಿದೆ. ಹಾಲೆ ಮರವನ್ನು ಲೇತ್‌ನಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗು ಹಿಡಿದು ಮೆರುಗು ಕೊಡುವುದು ಇಲ್ಲಿನ ಕೆಲಸ. ಹಳೆ ಹೆದ್ದಾರಿ ಊರೊಳಗೇ ಹಾದುಹೋಗುತ್ತಿತ್ತು. ಕಾರಿನಲ್ಲಿ ಹೋಗುವವರಿಗೆ ರಸ್ತೆ ಬದಿಯ ಗೊಂಬೆಗಳು ಕಾಣುತ್ತಿದ್ದವು. ಮಕ್ಕಳು ಹಟ ಹಿಡಿಯುತ್ತಿದ್ದರು, ಗಾಡಿ ನಿಲ್ಲುತ್ತಿತ್ತು. ಪ್ರಚಾರದ ಕೆಲಸವನ್ನೆಲ್ಲ ರಸ್ತೆಯೇ ಮಾಡುತ್ತಿತ್ತು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅದರ ಬೈಪಾಸ್ ರಾಮನಗರ, ಚನ್ನಪಟ್ಟಣ ಎರಡನ್ನೂ ಬಿಟ್ಟು ಹೊರಗಿನಿಂದ ಹೋಗುತ್ತದೆ. ಈಗ ಗೊಂಬೆ ಅಂಗಡಿ ಇದೆ ಎಂದು ಗೊತ್ತಿದ್ದವರೇ ಗಾಡಿ ತಿರುಗಿಸಿಕೊಂಡು ಬರಬೇಕು.

ಇಂಥ ಅಂಗಡಿಯ ಮಾಲೀಕರು "ವ್ಯಾಪಾರ ಕಡಿಮೆಯಾಗಿದೆ" ಎನ್ನುತ್ತಾರೆ. ಆ ಮಾತನ್ನು ಸ್ವಲ್ಪ ಬಿಡಿಸಿ ನೋಡಿ. ದಾರಿಹೋಕರು ಒಳಗೆ ಬರುತ್ತಿಲ್ಲವೇ? ಒಮ್ಮೆ ಕೊಂಡವರು ಮತ್ತೆ ಕೊಳ್ಳುತ್ತಿಲ್ಲವೇ? ಆನ್‌ಲೈನ್‌ನಲ್ಲಿ ವಿಚಾರಿಸಿದವರು ಬೆಲೆ ಕೇಳಿ ಸುಮ್ನಾಗುತ್ತಿದ್ದಾರೆಯೇ? ಮೂರೂ ಬೇರೆ ಬೇರೆ ತೊಂದರೆಗಳು. ಮೊದಲನೆಯದಕ್ಕೆ ಗೂಗಲ್ ಮ್ಯಾಪ್‌ನಲ್ಲಿ ಸರಿಯಾಗಿ ಕಾಣಿಸಿಕೊಳ್ಳಬೇಕು, ಪ್ರವಾಸ ಹೊರಡುವವರಿಗೆ ಸುದ್ದಿ ಮುಟ್ಟಬೇಕು. ಎರಡನೆಯದಕ್ಕೆ ಹಳೆ ಗಿರಾಕಿಗಳ ಫೋನ್ ನಂಬರ್ ಸಾಕು. ಮೂರನೆಯದಕ್ಕೆ ಜಾಹೀರಾತೇ ಮದ್ದಲ್ಲ. ಉತ್ತರ ಕೊಡುವ ರೀತಿ, ಬೆಲೆ, ಕೊರಿಯರ್ ವ್ಯವಸ್ಥೆ ನೋಡಬೇಕು.

ನಮ್ಮ ಅಂಗಡಿಯವರು ಬರೆದ ಸಾಲು ಇದು: "ಬಾಗಿಲಿಗೆ ಬರುವವರು ಕಮ್ಮಿಯಾಗಿದ್ದಾರೆ. ಆ ನಷ್ಟವನ್ನು ದಸರಾ ಸಮಯದಲ್ಲಿ ಮನೆಗೆ ಕಳಿಸುವ ಮಾರಾಟದಿಂದ ತುಂಬಿಸಬೇಕು." ಇದಿನ್ನೂ ಗುರಿಯಲ್ಲ. ಆದರೆ ಯಾವ ಕಡೆ ನಡೆಯಬೇಕೆಂದು ಗೊತ್ತಾಯಿತು.

ಹೆಜ್ಜೆ 2: ಯಾರಿಗಾಗಿ?

ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳಲ್ಲಿ ಎರಡು ಬಗೆ. ಅಜ್ಜಿಯ ಕಾಲದ ಪಟ್ಟದ ಗೊಂಬೆ ಇರುವ ಮನೆಗಳು ಪ್ರತಿ ವರ್ಷ ಒಂದೆರಡು ಹೊಸ ಗೊಂಬೆ ಸೇರಿಸುತ್ತವೆ. ಇನ್ನೊಂದು, ಅಪಾರ್ಟ್‌ಮೆಂಟ್‌ನಲ್ಲಿರುವ ಚಿಕ್ಕ ಸಂಸಾರ. ಮಗುವಿಗೆ ತೋರಿಸಲೆಂದು ಈ ವರ್ಷವೇ ಮೊದಲ ಸಲ ಮೂರು ಮೆಟ್ಟಿಲು ಕಟ್ಟುವವರು. ಮೊದಲಿನವರಿಗೆ ಬಿಡಿ ಗೊಂಬೆ ಬೇಕು, ಅದೂ ತಮ್ಮಲ್ಲಿ ಇಲ್ಲದ್ದು. ಎರಡನೆಯವರಿಗೆ ಎಲ್ಲ ಸೇರಿದ ಒಂದು ಸೆಟ್ ಬೇಕು. ಇಬ್ಬರಿಗೂ ಒಂದೇ ಫೋಟೋ, ಒಂದೇ ಮಾತು ಹೊಂದುವುದಿಲ್ಲ. ನಮ್ಮ ಅಂಗಡಿ ಎರಡನೆಯವರನ್ನು ಆರಿಸಿಕೊಂಡಿತು ಎಂದಿಟ್ಟುಕೊಳ್ಳಿ. ಮಾರುವುದು 7 ಗೊಂಬೆಗಳ ಒಂದೇ ದಸರಾ ಸೆಟ್, ಬೆಲೆ 1,200 ರೂಪಾಯಿ.

ಅಮೆರಿಕ, ದುಬೈಗಳಲ್ಲಿರುವ ಕನ್ನಡಿಗರೂ ಗೊಂಬೆ ಕೂರಿಸುತ್ತಾರೆ, ನಿಜ. ಆದರೆ ಅಲ್ಲಿಗೆ ಕಳಿಸುವ ಖರ್ಚು, ಹಿಡಿಯುವ ದಿನ, ಕಸ್ಟಮ್ಸ್ ಕಾಗದಪತ್ರ ಎಲ್ಲವೂ ಬೇರೆ. ಅದನ್ನು ಇದೇ ಗುರಿಯೊಳಗೆ ಸೇರಿಸಬೇಡಿ. ಅದಕ್ಕೆ ಬೇರೆ ಹಾಳೆ ಇಡಿ.

ಹೆಜ್ಜೆ 3: ಇವತ್ತು ಎಲ್ಲಿದ್ದೀರಿ?

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. 1961ರಲ್ಲಿ ರಸೆಲ್ ಕಾಲಿ ಎಂಬವರು ಅಮೆರಿಕದ ಜಾಹೀರಾತುದಾರರ ಸಂಘಕ್ಕಾಗಿ ಇದೇ ವಿಷಯದ ಮೇಲೆ ಕೆಲಸ ಮಾಡಿದರು. ಜಾಹೀರಾತಿನ ಗುರಿ ಬರೆಯುವಾಗ ಯಾರಿಗೆ, ಎಷ್ಟು ಕಾಲದಲ್ಲಿ, ಯಾವ ಮಟ್ಟದಿಂದ ಯಾವ ಮಟ್ಟಕ್ಕೆ ಎಂಬುದೆಲ್ಲ ಇರಬೇಕೆಂದು ಅವರು ಒತ್ತಿ ಹೇಳಿದರು. "ಯಾವ ಮಟ್ಟದಿಂದ" ಎಂಬುದು ನನಗೆ ತುಂಬಾ ಮುಖ್ಯವಾಗಿ ಕಾಣುತ್ತದೆ. "ಮಾರಾಟ ಎರಡರಷ್ಟಾಗಬೇಕು" ಎನ್ನುವವರಿಗೆ ಒಂದರಷ್ಟು ಎಂದರೆ ಎಷ್ಟು ಎಂದು ಗೊತ್ತಿರಬೇಕು, ಅಲ್ವಾ?

ಬಿಲ್ ಪುಸ್ತಕ, ಯುಪಿಐ ಪಾವತಿಗಳ ಪಟ್ಟಿ, ಕೊರಿಯರ್ ರಸೀದಿ ಮೂರನ್ನೂ ಹರಡಿಕೊಂಡು ಕುಳಿತುಕೊಳ್ಳಿ. ಅರ್ಧ ದಿನದ ಕೆಲಸ. ನಮ್ಮ ಅಂಗಡಿಗೆ ಸಿಕ್ಕ ಅಂಕಿಗಳು ಹೀಗಿವೆ: ಹೋದ ದಸರಾದಲ್ಲಿ 140 ಸೆಟ್ ಮಾರಿದ್ದರು. ಅದರಲ್ಲಿ 60 ಹಳೆ ಗಿರಾಕಿಗಳಿಗೆ, 80 ಹೊಸಬರಿಗೆ. ಆಗ ಫೋನ್‌ನಲ್ಲಿದ್ದ ಹಳೆ ಗಿರಾಕಿಗಳ ನಂಬರ್ 500. ಅಂದರೆ ನೂರಕ್ಕೆ 12 ಜನ ಮತ್ತೆ ಕೊಂಡಿದ್ದರು. ಈಗ ನಂಬರ್‌ಗಳು 600 ಆಗಿವೆ.

ಹಳೆ ಲೆಕ್ಕವೇ ಇಲ್ಲದಿದ್ದರೆ? ಆಗ ಮೊದಲ ಪ್ರಚಾರದ ಗುರಿಯೇ ಲೆಕ್ಕ ಹುಟ್ಟಿಸುವುದು. ಚಿಕ್ಕ ಮೊತ್ತ ಹಾಕಿ, ಎಲ್ಲವನ್ನೂ ಬರೆದಿಡಿ. ದೊಡ್ಡ ಗುರಿ ಮುಂದಿನ ಸಲಕ್ಕಿರಲಿ.

ಹೆಜ್ಜೆ 4: ಗಲ್ಲಾದಿಂದ ಹಿಂದಕ್ಕೆ ಲೆಕ್ಕ ಹಾಕಿ

ಇಲ್ಲಿ ನಿಧಾನವಾಗಿ ಓದಿ. ಬಹಳ ಜನ ಜಾಹೀರಾತಿನಿಂದ ಲೆಕ್ಕ ಶುರು ಮಾಡುತ್ತಾರೆ. "10,000 ಹಾಕಿದರೆ ಎಷ್ಟು ಜನ ನೋಡುತ್ತಾರೆ?" ಎಂದು ಕೇಳುತ್ತಾರೆ. ಶುರು ಮಾಡಬೇಕಾದ್ದು ಗಲ್ಲಾದಿಂದ. ಹಬ್ಬ ಮುಗಿದ ಮೇಲೆ ಕೈಯಲ್ಲಿ ಎಷ್ಟು ಉಳಿಯಬೇಕು?

ಒಂದು ಸೆಟ್‌ನ ಲೆಕ್ಕ ಬರೆಯೋಣ. ಮಾರುವ ಬೆಲೆ 1,200. ಮರ, ಅರಗು, ಬಣ್ಣ, ಕೂಲಿ, ತೆರಿಗೆ ಎಲ್ಲ ಸೇರಿ 680. ಪೆಟ್ಟಿಗೆ, ಒಳಗೆ ತುಂಬುವ ಕಾಗದಕ್ಕೆ 40. ಕೊರಿಯರ್ 110. ಪೇಮೆಂಟ್ ಕಮಿಷನ್, ದಾರಿಯಲ್ಲಿ ಮುರಿದು ವಾಪಸ್ ಬರುವವುಗಳಿಗೆ ಸರಾಸರಿ 30. ಒಟ್ಟು ಖರ್ಚು 860. ಉಳಿಯುವುದು 340 ರೂಪಾಯಿ. ಅಂಗಡಿ ಬಾಡಿಗೆ ಸೆಟ್ ಮಾರಿದರೂ ಕಟ್ಟಬೇಕು, ಮಾರದಿದ್ದರೂ ಕಟ್ಟಬೇಕು. ಅದನ್ನು ಈ ಲೆಕ್ಕದಲ್ಲಿ ತರುವುದಿಲ್ಲ.

ಮಾಲೀಕರಿಗೆ ಈ ಸೀಸನ್‌ನಲ್ಲಿ 60,000 ಕೈಗೆ ಸಿಗಬೇಕು. ಪ್ರಚಾರಕ್ಕೆ 25,000 ಹಾಕಬಲ್ಲರು. ಎರಡೂ ಸೇರಿ 85,000. ಅದನ್ನು 340ರಿಂದ ಭಾಗಿಸಿದರೆ 250. ಹೀಗೆ ಗುರಿಯ ಸಂಖ್ಯೆ ತಾನಾಗಿ ಹೊರಬಂತು. 250 ಸೆಟ್. ಯಾರೋ ಗಾಳಿಯಲ್ಲಿ ಹೇಳಿದ ಅಂಕಿ ಅಲ್ಲ ಇದು.

ಇದರಿಂದ ಇನ್ನೊಂದು ಅಂಕಿಯೂ ಸಿಗುತ್ತದೆ. ಒಂದು ಸೆಟ್ ಮಾರಲು ಪ್ರಚಾರಕ್ಕೆ ಸರಾಸರಿ 100 ರೂಪಾಯಿ ಖರ್ಚು ಮಾಡಬಹುದು. 340 ದಾಟಿದರೆ ಮಾರಿದಷ್ಟೂ ನಷ್ಟ. ಈ 340ನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆಯಿರಿ.

ಈಗ ರಿಯಾಯಿತಿಯ ಮಾತು. "ಹಬ್ಬ ಅಲ್ವಾ, 10 ಪರ್ಸೆಂಟ್ ಬಿಡೋಣ" ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಕೇಳಲು ಹಿತವಾಗಿರುತ್ತದೆ. ಲೆಕ್ಕ ನೋಡಿ. 1,200ಕ್ಕೆ 10 ಪರ್ಸೆಂಟ್ ಎಂದರೆ 120 ರೂಪಾಯಿ. ಅದು ಹೋಗುವುದು ಉಳಿಯುವ 340ರಿಂದ. 220 ಉಳಿಯಿತು. ಬೆಲೆಯಲ್ಲಿ ಹತ್ತನೇ ಒಂದು ಪಾಲು ಬಿಟ್ಟಿರಿ, ಲಾಭದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೋಯಿತು. ಅದೇ 85,000 ಬರಬೇಕಾದರೆ ಈಗ 387 ಸೆಟ್ ಮಾರಬೇಕು. 137 ಸೆಟ್ ಹೆಚ್ಚು ಕಡೆಯಬೇಕು, ಪ್ಯಾಕ್ ಮಾಡಬೇಕು, ಕಳಿಸಬೇಕು. ರಿಯಾಯಿತಿ ಬೇಡವೇ ಬೇಡ ಎನ್ನುತ್ತಿಲ್ಲ. ಈ ಭಾಗಾಕಾರ ಮಾಡಿದ ಮೇಲೆ ಕೊಡಿ. ಕೈಕೆಲಸದ ವಸ್ತುವಿಗೆ ಇದು ಇನ್ನೂ ಮುಖ್ಯ. ಬೆಲೆ ಇಳಿದಾಗ ಒತ್ತಡ ಕೊನೆಗೆ ಹೋಗಿ ತಟ್ಟುವುದು ಲೇತ್ ಮುಂದೆ ಕುಳಿತವರ ಕೂಲಿಗೆ.

ಹೆಜ್ಜೆ 5: ಕೈಲಾಗುತ್ತಾ? ದಿನ ಇದೆಯಾ?

250 ಸೆಟ್ ಎಂದರೆ 1,750 ಗೊಂಬೆ. ನಮ್ಮ ಅಂಗಡಿಗೆ ಕೆಲಸ ಮಾಡಿಕೊಡುವವರು ದಿನಕ್ಕೆ 50 ಗೊಂಬೆ ಮುಗಿಸುತ್ತಾರೆ. ಅಲ್ಲಿಗೆ 35 ಕೆಲಸದ ದಿನ. ವಾರದ ರಜೆ, ಹಬ್ಬದ ರಜೆ, ಕರೆಂಟ್ ಹೋಗುವ ದಿನ ಸೇರಿಸಿದರೆ ಸುಮಾರು ಒಂದೂವರೆ ತಿಂಗಳು. ಮರ ಮೊದಲೇ ಒಣಗಿ ಸಿದ್ಧವಾಗಿರಬೇಕು. ಹಸಿ ಮರ ಕಡೆದರೆ ಆಮೇಲೆ ಬಿರುಕು ಬಿಡುತ್ತದೆ. ರಿಯಾಯಿತಿಯ 387 ಸೆಟ್ ಆಗಿದ್ದರೆ 2,709 ಗೊಂಬೆ, 54 ದಿನಕ್ಕೂ ಜಾಸ್ತಿ. ಅದು ಈ ಅಂಗಡಿಗೆ ಆಗದ ಮಾತು. ಕೈಲಾಗದ ಗುರಿ ಮುಟ್ಟಲು ಹೊರಟರೆ ಆರ್ಡರ್ ತೆಗೆದುಕೊಂಡು ಕಳಿಸಲಾಗದೆ ಹೆಸರು ಕೆಡಿಸಿಕೊಳ್ಳುತ್ತೀರಿ.

ಇನ್ನು ಕೊನೆಯ ದಿನ. ಗುರಿಯ ಕೊನೆಯ ದಿನ ವಿಜಯದಶಮಿ ಅಲ್ಲ. ಗೊಂಬೆ ಕೂರಿಸುವುದು ನವರಾತ್ರಿಯ ಪಾಡ್ಯದ ದಿನ. ಅಷ್ಟರೊಳಗೆ ಪಾರ್ಸೆಲ್ ಮನೆ ಸೇರಿರಬೇಕು. ಬೀದರ್‌ಗೋ ಕಾರವಾರಕ್ಕೋ ಹೋಗುವ ಪಾರ್ಸೆಲ್‌ಗೆ ನಾಲ್ಕೈದು ದಿನ, ತಡವಾದರೆ ಇರಲಿ ಎಂದು ಇನ್ನೆರಡು ದಿನ. ಹಾಗಾಗಿ ಆರ್ಡರ್ ನಿಲ್ಲಿಸುವುದು ಪಾಡ್ಯಕ್ಕೆ 8 ದಿನ ಮೊದಲು.

ಇಲ್ಲಿ ನಮ್ಮ ಪಂಚಾಂಗ ನೋಡಲೇಬೇಕು. ಪಾಡ್ಯಕ್ಕೆ ಮೊದಲಿನ ಹದಿನೈದು ದಿನ ಪಿತೃಪಕ್ಷ. ಆಗ ಹೊಸದೇನನ್ನೂ ಕೊಳ್ಳದ ಮನೆಗಳು ಬಹಳ ಇವೆ. ಹಬ್ಬ ಹತ್ತಿರ ಬಂದ ಹಾಗೆ ವ್ಯಾಪಾರ ಏರುತ್ತದೆ ಎಂದುಕೊಂಡರೆ ಈ ವಿಷಯದಲ್ಲಿ ಮೋಸ ಹೋಗುತ್ತೀರಿ. ಗಣೇಶನ ಹಬ್ಬ ಪಾಡ್ಯಕ್ಕೆ ಸುಮಾರು ನಾಲ್ಕು ವಾರ ಮೊದಲು ಬರುತ್ತದೆ. ಗಣೇಶ ಹಬ್ಬದ ಆಸುಪಾಸಿನಿಂದ ಅನಂತನ ಹುಣ್ಣಿಮೆಯವರೆಗಿನ ದಿನಗಳೇ ಈ ಅಂಗಡಿಗೆ ನಿಜವಾದ ಸುಗ್ಗಿ. ಹೋದ ವರ್ಷ ಹಳೆ ಗಿರಾಕಿಗಳಿಗೆ ಸಂದೇಶ ಹೋಗಿದ್ದು ಪಿತೃಪಕ್ಷದಲ್ಲಿ. ನೂರಕ್ಕೆ 12 ಜನ ಮಾತ್ರ ಕೊಂಡಿದ್ದಕ್ಕೆ ಅದೂ ಒಂದು ಕಾರಣ ಇರಬಹುದು.

ಆದ್ದರಿಂದ ಪ್ರಚಾರ ಪಾಡ್ಯಕ್ಕೆ 38 ದಿನ ಮೊದಲು ಶುರು, 8 ದಿನ ಮೊದಲು ಮುಕ್ತಾಯ. ಒಟ್ಟು 30 ದಿನ. 250ನ್ನು ನಾಲ್ಕು ವಾರಕ್ಕೆ ಸಮನಾಗಿ ಹಂಚಬೇಡಿ. ಮೊದಲ ವಾರ 50, ಎರಡನೆಯದು 75, ಮೂರನೆಯದು 85, ಉಳಿದ ದಿನಗಳಲ್ಲಿ 40. ಕೊನೆಯಲ್ಲಿ ಇಳಿಯುತ್ತದೆ ಎಂದು ಮೊದಲೇ ಬರೆದಿದ್ದರೆ ಆಗ ಗಾಬರಿಯಿಂದ ರಿಯಾಯಿತಿ ಘೋಷಿಸುವ ಪ್ರಸಂಗ ಬರುವುದಿಲ್ಲ.

ಹೆಜ್ಜೆ 6: ದೊಡ್ಡ ಗುರಿಯನ್ನು ಒಡೆಯಿರಿ

250 ಸೆಟ್ ಎಲ್ಲಿಂದ ಬರುತ್ತವೆ? ಹಳೆ ಗಿರಾಕಿಗಳಿಂದ 90. ಅಂದರೆ 600ರಲ್ಲಿ ನೂರಕ್ಕೆ 15. ಹೋದ ಸಲದ 12ಕ್ಕಿಂತ ಸ್ವಲ್ಪ ಮೇಲೆ. ಸಂದೇಶ ಬೇಗ ಹೋಗುತ್ತದೆ ಎಂಬುದೇ ಈ ಏರಿಕೆಗೆ ಆಧಾರ. ಆಧಾರ ಇಲ್ಲದೆ ಅಂಕಿ ಏರಿಸಬೇಡಿ.

ವಾಟ್ಸಾಪ್ ಬ್ರಾಡ್‌ಕಾಸ್ಟ್ (ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಸೌಲಭ್ಯ) ಬಳಸುವವರು ಒಂದು ವಿಷಯ ನೆನಪಿಡಿ. ಒಂದು ಪಟ್ಟಿಯಲ್ಲಿ 256 ಜನರಿಗಷ್ಟೇ ಜಾಗ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ನಂಬರನ್ನು ತಮ್ಮ ಫೋನ್‌ನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. 600 ಜನರಿಗೆ ಕಳಿಸಿದೆ ಎಂದುಕೊಂಡಿರುತ್ತೀರಿ, ಎಷ್ಟೋ ಜನರಿಗೆ ಹೋಗಿಯೇ ಇರುವುದಿಲ್ಲ. ಗುರಿ ಬರೆಯುವ ಮೊದಲೇ ಒಂದು ಸಣ್ಣ ಶುಭಾಶಯ ಕಳಿಸಿ ಎಷ್ಟು ಜನರಿಗೆ ತಲುಪಿತು ನೋಡಿ. ಬೇಡ ಎಂದವರ ಹೆಸರನ್ನು ಆಗಲೇ ತೆಗೆಯಿರಿ.

ಉಳಿದ 160 ಹೊಸಬರಿಂದ ಬರಬೇಕು. ಇಲ್ಲೂ ಹಿಂದಿನಿಂದ ಲೆಕ್ಕ. ವಿಚಾರಿಸಿದ ಐವರಲ್ಲಿ ಒಬ್ಬರು ಕೊಳ್ಳುತ್ತಾರೆ ಎಂದಾದರೆ 800 ವಿಚಾರಣೆ ಬೇಕು. ಜಾಹೀರಾತು ಒತ್ತಿ ಒಳಗೆ ಬಂದ ಹತ್ತು ಜನರಲ್ಲಿ ಒಬ್ಬರು ವಿಚಾರಿಸುತ್ತಾರೆ ಎಂದಾದರೆ 8,000 ಜನ ಒತ್ತಬೇಕು. ಒಂದು ಒತ್ತುವಿಕೆಗೆ ಎರಡೂವರೆ ರೂಪಾಯಿ ಎಂದರೆ 20,000 ರೂಪಾಯಿ. 25,000ದಲ್ಲಿ ಉಳಿದ 5,000 ಒಳ್ಳೆ ಫೋಟೋಗಳಿಗೆ. ಒಬ್ಬ ಹೊಸ ಗಿರಾಕಿಗೆ 125 ರೂಪಾಯಿ ಬೀಳುತ್ತದೆ. 340ರ ಗೆರೆಯಿಂದ ದೂರ ಇದ್ದೇವೆ. ಇದು ಹೊಂದದೇ ಹೋಗಿದ್ದರೆ? 800 ವಿಚಾರಣೆಗೆ 50,000 ಬೇಕು ಎಂದು ಬಂದಿದ್ದರೆ ಗುರಿಯನ್ನೇ ಇಳಿಸಬೇಕಿತ್ತು. ಅದು ಹಾಳೆಯ ಮೇಲೆ ಗೊತ್ತಾಗುವುದೇ ಒಳ್ಳೆಯದು.

ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಜಾಹೀರಾತು ಹಾಕುವಾಗ ಶುರುವಿನಲ್ಲೇ ಅದು ನಿಮ್ಮ ಉದ್ದೇಶ ಏನೆಂದು ಕೇಳುತ್ತದೆ. ಜನರಿಗೆ ಪರಿಚಯವೋ, ಲೈಕ್-ಕಮೆಂಟ್‌ಗಳೋ, ಮಾರಾಟವೋ ಎಂದು ಆರಿಸಬೇಕು. ಈ ಗುಂಡಿ ಸುಮ್ನೆ ಇಟ್ಟಿದ್ದಲ್ಲ. ಲೈಕ್ ಬೇಕು ಎಂದು ಒತ್ತಿದರೆ ಲೈಕ್ ಒತ್ತುವ ಅಭ್ಯಾಸ ಇರುವವರನ್ನೇ ಹುಡುಕಿ ತೋರಿಸುತ್ತದೆ. ಚಟ್ನಿಪುಡಿಯ ಪ್ರಚಾರದಲ್ಲಿ ನಾನು ಮಾಡಿದ್ದು ಇದನ್ನೇ. ಅದು ನಾನು ಕೇಳಿದ್ದನ್ನೇ ಕೊಟ್ಟಿತು, ಕೇಳಿದ್ದೇ ತಪ್ಪಾಗಿತ್ತು. ನೋಟ್‌ಬುಕ್ಕಿನ ಗುರಿ, ಅಲ್ಲಿ ಒತ್ತಿದ ಗುಂಡಿ ಎರಡೂ ಒಂದೇ ಆಗಿರಲಿ.

ಹೆಜ್ಜೆ 7: ಯಾರ ಹೆಗಲಿಗೆ?

ಗುರಿಯ ವಿಷಯ ಬಂದರೆ "ಸ್ಮಾರ್ಟ್" (SMART) ಎಂಬ ಐದು ಇಂಗ್ಲಿಷ್ ಅಕ್ಷರಗಳ ಸೂತ್ರವನ್ನು ಎಲ್ಲರೂ ಹೇಳುತ್ತಾರೆ. ಸ್ಪಷ್ಟ ಇರಬೇಕು, ಅಳೆಯುವಂತಿರಬೇಕು, ಸಾಧಿಸುವಂತಿರಬೇಕು ಇತ್ಯಾದಿ. ಇದನ್ನು 1981ರಲ್ಲಿ ಬರೆದವರು ಅಮೆರಿಕದ ಜಾರ್ಜ್ ಡೋರನ್. ಅವರ ಮೂಲ ಬರಹದಲ್ಲಿ ಮೂರನೆಯ ಅಕ್ಷರಕ್ಕೆ "ಸಾಧಿಸುವಂಥದ್ದು" ಎಂಬ ಅರ್ಥ ಇರಲಿಲ್ಲ. "ಯಾರು ಮಾಡುತ್ತಾರೆಂದು ವಹಿಸಿಕೊಟ್ಟಿರಬೇಕು" ಎಂದಿತ್ತು. ಕಾಲಕ್ರಮದಲ್ಲಿ ಅದು ಬದಲಾಯಿತು. ನನಗಂತೂ ಹಳೆಯದೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ಸಣ್ಣ ಅಂಗಡಿಗಳಲ್ಲಿ ಗುರಿ ಬೀಳುವುದು ಇಲ್ಲೇ. "ನಾವೆಲ್ಲ ಸೇರಿ ಮಾಡೋಣ" ಎಂದರೆ ರಾತ್ರಿ 9ಕ್ಕೆ ಬಂದ ವಾಟ್ಸಾಪ್ ವಿಚಾರಣೆಗೆ ಉತ್ತರ ಕೊಡುವವರು ಯಾರೂ ಇರುವುದಿಲ್ಲ. ಅಪ್ಪ ಮಗ ಕೊಡುತ್ತಾನೆ ಎಂದುಕೊಂಡಿರುತ್ತಾರೆ, ಮಗ ಅಪ್ಪ ಕೊಟ್ಟಿರುತ್ತಾರೆ ಎಂದುಕೊಂಡಿರುತ್ತಾನೆ. ಬೆಳಿಗ್ಗೆ ನೋಡುವಷ್ಟರಲ್ಲಿ ಕೇಳಿದವರು ಬೇರೆ ಕಡೆ ಕೊಂಡಾಗಿರುತ್ತದೆ. ಪ್ರತಿ ಚಿಕ್ಕ ಗುರಿಯ ಮುಂದೆ ಒಂದೇ ಹೆಸರು ಬರೆಯಿರಿ. ಹಳೆ ಗಿರಾಕಿಗಳ 90 ಅಮ್ಮನದು, ಏಕೆಂದರೆ ಅವರಿಗೆ ಗಿರಾಕಿಗಳ ಮುಖಪರಿಚಯ ಇದೆ. ಜಾಹೀರಾತು, ವಿಚಾರಣೆ ಮಗನದು, ಅರ್ಧ ಗಂಟೆಯೊಳಗೆ ಉತ್ತರ ಹೋಗಬೇಕು. ಸೆಟ್ ಸಿದ್ಧವಾಗುವುದು, ಪ್ಯಾಕಿಂಗ್ ಅಪ್ಪನದು. ಆ ಹೆಸರಿನವರು ಒಪ್ಪಿದ ಮೇಲೇ ಬರೆಯಿರಿ. ಹೇರಿದ ಗುರಿ ಎರಡನೇ ವಾರಕ್ಕೆ ಮರೆತುಹೋಗುತ್ತದೆ.

ಹೆಜ್ಜೆ 8: ಎಣಿಸುವ ದಾರಿ ಮೊದಲೇ ಮಾಡಿಡಿ

ಆರ್ಡರ್ ಎಲ್ಲಿಂದ ಬಂತು ಎಂದು ಗೊತ್ತಾಗದಿದ್ದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ. ದುಬಾರಿ ಸಾಫ್ಟ್‌ವೇರ್ ಏನೂ ಬೇಡ.

ವಾಟ್ಸಾಪ್ ಲಿಂಕ್ ಮಾಡುವಾಗ ಒಂದು ಸಾಲನ್ನು ಮೊದಲೇ ಬರೆದಿಡಬಹುದು. ಇನ್‌ಸ್ಟಾಗ್ರಾಮ್‌ನಲ್ಲಿ ಹಾಕುವ ಲಿಂಕ್ ಒತ್ತಿದರೆ "ದಸರಾ ಸೆಟ್ ಬೇಕು – ಇನ್‌ಸ್ಟಾ" ಎಂದು ಬರಲಿ, ಫೇಸ್‌ಬುಕ್‌ನದ್ದಕ್ಕೆ "– ಎಫ್‌ಬಿ" ಎಂದು ಬರಲಿ. ಸಂದೇಶ ನೋಡಿದ ಕೂಡಲೇ ಎಲ್ಲಿಂದ ಬಂದರೆಂದು ಗೊತ್ತಾಗುತ್ತದೆ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಲೇಬಲ್ ಹಚ್ಚುವ ಸೌಲಭ್ಯ ಇದೆ. ವಿಚಾರಿಸಿದವರು, ದುಡ್ಡು ಬರಬೇಕಾದವರು, ಕೊಟ್ಟವರು ಎಂದು ವಿಂಗಡಿಸಿ. ಅಂಗಡಿಗೇ ಬಂದವರಿಗೆ ಬಿಲ್ ಮಾಡುವಾಗ "ನಮ್ಮ ಬಗ್ಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿ ಬಿಲ್ ಹಿಂದೆ ಒಂದಕ್ಷರ ಬರೆದುಕೊಳ್ಳಿ. ಸ್ವಂತ ವೆಬ್‌ಸೈಟ್ ಇದ್ದರೆ ಲಿಂಕ್‌ಗಳಿಗೆ ಯುಟಿಎಂ ಗುರುತು (ಯಾವ ಕಡೆಯಿಂದ ಬಂದರೆಂದು ತಿಳಿಯಲು ಲಿಂಕ್‌ನ ಕೊನೆಗೆ ಹಚ್ಚುವ ಪದಗಳು) ಸೇರಿಸಿ.

ಪ್ರತಿ ರಾತ್ರಿ ನೋಟ್‌ಬುಕ್ಕಿನಲ್ಲಿ ಐದೇ ಅಂಕಿ: ಖರ್ಚು, ಒತ್ತಿದವರು, ವಿಚಾರಿಸಿದವರು, ಹಳಬರ ಆರ್ಡರ್, ಹೊಸಬರ ಆರ್ಡರ್. ಎರಡು ನಿಮಿಷ ಸಾಕು.

ಹೆಜ್ಜೆ 9: ಕಾವಲು ಅಂಕಿಗಳು

ಒಂದೇ ಅಂಕಿಯ ಹಿಂದೆ ಬಿದ್ದರೆ ಜನ ಅದನ್ನು ಹೇಗಾದರೂ ಮುಟ್ಟುತ್ತಾರೆ, ಉಳಿದದ್ದು ಹಾಳಾಗುತ್ತದೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೀಗೊಂದು ಎಚ್ಚರಿಕೆ ಕೊಟ್ಟಿದ್ದರು. ಗೊಂಬೆ ಅಂಗಡಿಗೂ ಅದು ಅನ್ವಯಿಸುತ್ತದೆ. 250 ಮುಟ್ಟಲೇಬೇಕೆಂದು ಅವಸರದಲ್ಲಿ ಪ್ಯಾಕ್ ಮಾಡಿದರೆ ಗೊಂಬೆ ಮುರಿದು ಹೋಗುತ್ತದೆ. ಅರಗಿನ ಮೆರುಗು ಸರಿಯಾಗಿ ಕೂರದ ಗೊಂಬೆಯೂ ಪೆಟ್ಟಿಗೆ ಸೇರುತ್ತದೆ.

ಅದಕ್ಕೆ ಪಕ್ಕದಲ್ಲಿ ಎರಡು ಕಾವಲು ಅಂಕಿ ಇಡಿ. ಮುರಿದು ವಾಪಸ್ ಬಂದ ಸೆಟ್ 5 ದಾಟಬಾರದು. ಯಾವ ಸೆಟ್ಟೂ 1,150ಕ್ಕಿಂತ ಕಡಿಮೆಗೆ ಹೋಗಬಾರದು. ಇವು ಮುರಿದರೆ 250 ಆದರೂ ಗೆದ್ದಂತಲ್ಲ. ಎರಡಕ್ಕಿಂತ ಜಾಸ್ತಿ ಬೇಡ, ಕಾವಲು ಹೆಚ್ಚಾದರೆ ಯಾರೂ ನೋಡುವುದಿಲ್ಲ.

ಈಗ ಗುರಿಯನ್ನು ಪೂರ್ತಿ ಬರೆಯಬಹುದು:

"ಪಾಡ್ಯಕ್ಕೆ 8 ದಿನ ಮೊದಲಿನ ಸಂಜೆಯೊಳಗೆ 250 ದಸರಾ ಸೆಟ್ ಮಾರುತ್ತೇವೆ (ಹೋದ ವರ್ಷ 140). ಹಳಬರಿಗೆ 90: ಅಮ್ಮ. ಹೊಸಬರಿಗೆ 160: ಮಗ. ಸಿದ್ಧತೆ, ಪ್ಯಾಕಿಂಗ್: ಅಪ್ಪ. ಪ್ರಚಾರ ಖರ್ಚು 25,000 ದಾಟುವುದಿಲ್ಲ. ಮುರಿದು ಬಂದದ್ದು 5 ದಾಟುವುದಿಲ್ಲ, 1,150ಕ್ಕಿಂತ ಕಡಿಮೆಗೆ ಮಾರುವುದಿಲ್ಲ."

ಇದನ್ನು ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ಅಂಟಿಸಿ. ಮೊಬೈಲ್‌ನೊಳಗೆ ಇಟ್ಟರೆ ಮರೆಯುತ್ತದೆ.

ಹೆಜ್ಜೆ 10: ಮೊದಲ ವಾರದಲ್ಲೇ ಪರೀಕ್ಷೆ, ಮೊದಲೇ ಬರೆದ ತೀರ್ಮಾನ

20,000ವನ್ನು ಒಂದೇ ಸಲ ಸುರಿಯಬೇಡಿ. ಮೊದಲ ವಾರ 2,000 ಮಾತ್ರ. ನಮ್ಮ ಲೆಕ್ಕದ ಪ್ರಕಾರ 800 ಜನ ಒತ್ತಬೇಕು, 80 ಜನ ವಿಚಾರಿಸಬೇಕು, 16 ಸೆಟ್ ಹೋಗಬೇಕು. ಮೊದಲ ವಾರದ 50ರಲ್ಲಿ ಉಳಿದ 34 ಹಳಬರಿಂದ.

ಎಲ್ಲಿ ಕಡಿಮೆಯಾಯಿತು ಎಂಬುದರ ಮೇಲೆ ಮದ್ದು ಬೇರೆಯಾಗುತ್ತದೆ. 2,000ಕ್ಕೆ 300 ಜನ ಮಾತ್ರ ಒತ್ತಿದ್ದರೆ ಫೋಟೋ ಹಿಡಿಸಿಲ್ಲ, ಇಲ್ಲವೇ ತಪ್ಪು ಜನರಿಗೆ ತೋರುತ್ತಿದೆ. 800 ಜನ ಒತ್ತಿ 25 ಜನರೇ ವಿಚಾರಿಸಿದ್ದರೆ ಒಳಗೆ ಬಂದವರಿಗೆ ಬೇಕಾದ ಮಾಹಿತಿ ಸಿಗುತ್ತಿಲ್ಲ. ಗೊಂಬೆಯ ಎತ್ತರ ಎಷ್ಟು, ಸೆಟ್‌ನಲ್ಲಿ ಏನೇನಿದೆ ಎಂಬುದು ಕಾಣುತ್ತಿದೆಯೇ ನೋಡಿ. 80 ಜನ ವಿಚಾರಿಸಿ 6 ಜನ ಕೊಂಡಿದ್ದರೆ ಜಾಹೀರಾತನ್ನು ಮುಟ್ಟಬೇಡಿ. ಅದು ತನ್ನ ಕೆಲಸ ಮಾಡಿದೆ. ಉತ್ತರ ತಡವಾಗುತ್ತಿದೆಯೇ, ಪಾಡ್ಯದೊಳಗೆ ಬರುತ್ತದೆ ಎಂಬ ಭರವಸೆ ಸಿಗುತ್ತಿಲ್ಲವೇ ಎಂದು ಹಳೆ ಚಾಟ್‌ಗಳನ್ನು ಕೂತು ಓದಿ. ಇಂಥ ಹತ್ತು ಚಾಟ್ ಓದಿದರೆ ಕಾರಣ ಕಣ್ಣಿಗೇ ಕಾಣುತ್ತದೆ.

ಚಿಕ್ಕ ಅಂಕಿಗಳು ಸ್ವಲ್ಪ ಏರಿಳಿಯುವುದು ಸಹಜ. 16ರ ಬದಲು 13 ಬಂದರೆ ಏನನ್ನೂ ಬದಲಿಸಬೇಡಿ. 6 ಬಂದರೆ ನಿಲ್ಲಿಸಿ ನೋಡಿ. ಎಲ್ಲಿ ನಿಲ್ಲಿಸಬೇಕೆಂಬ ಅಂಕಿಯನ್ನು ಪ್ರಚಾರ ಶುರುವಾಗುವ ಮೊದಲೇ ಬರೆದಿಡಿ. ದುಡ್ಡು ಹೋಗುತ್ತಿರುವಾಗ "ಇನ್ನೆರಡು ದಿನ ನೋಡೋಣ" ಎಂದು ಮನಸ್ಸು ಹೇಳುತ್ತಲೇ ಇರುತ್ತದೆ. ನಿರೀಕ್ಷೆ ಮೀರಿ ಬಂದರೂ ಅಷ್ಟೇ. ದಿನಕ್ಕೆ 50 ಗೊಂಬೆಯ ಮಿತಿ ನೆನಪಿರಲಿ. ದಾಸ್ತಾನು ಖಾಲಿಯಾಗುವ ಮೊದಲೇ ಜಾಹೀರಾತು ನಿಲ್ಲಿಸಿ.

ಗುರಿ ಮಾರಾಟ ಅಲ್ಲದಿದ್ದರೆ?

ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗುವವರನ್ನು ಊರೊಳಗೆ ಕರೆತರುವುದೇ ಗುರಿ ಎಂದುಕೊಳ್ಳಿ. ಆಗಲೂ "ಹೆಸರು ಹರಡಬೇಕು" ಎಂದು ಬರೆಯಬೇಡಿ. "ಶನಿವಾರ, ಭಾನುವಾರ ಒಳಗೆ ಬರುವ ಕುಟುಂಬಗಳು 20ರಿಂದ 35ಕ್ಕೆ ಏರಬೇಕು, ಎಂಟು ವಾರದಲ್ಲಿ" ಎಂದು ಬರೆಯಿರಿ. ಬಾಗಿಲ ಹತ್ತಿರ ಒಂದು ಹಾಳೆ ಇಟ್ಟು, ಒಂದು ಕುಟುಂಬಕ್ಕೆ ಒಂದು ಗೀಟು ಹಾಕಿ. ಗೂಗಲ್‌ನಲ್ಲಿ ನಿಮ್ಮ ಅಂಗಡಿಯ ಪ್ರೊಫೈಲ್ ಇದ್ದರೆ ಎಷ್ಟು ಜನ ದಾರಿ ಕೇಳಿದರೆಂದು ಅದು ತೋರಿಸುತ್ತದೆ, ಅದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಪ್ರಚಾರಕ್ಕೆ ಮೊದಲು ನಾಲ್ಕು ವಾರ ಬರೀ ಎಣಿಸಿ. ದಸರಾ ರಜೆಯಲ್ಲಿ ಮೈಸೂರಿಗೆ ಹೋಗುವ ಗಾಡಿಗಳೇ ಹೆಚ್ಚಿರುತ್ತವೆ. ಆ ವಾರಗಳ ಏರಿಕೆಯನ್ನು ನಿಮ್ಮ ಪ್ರಚಾರದ ಲೆಕ್ಕಕ್ಕೆ ಹಾಕಿಕೊಳ್ಳಬೇಡಿ.

ಹಬ್ಬ ಮುಗಿದ ಮೇಲೆ

ವಿಜಯದಶಮಿಯಾಗಿ ಒಂದು ವಾರದೊಳಗೆ, ನೆನಪು ಹಸಿಯಾಗಿರುವಾಗಲೇ ಮೂವರೂ ಕೂತು ಹಾಳೆ ತುಂಬಿಸಿ. 250 ಅಂದುಕೊಂಡಿದ್ದು, 212 ಆಯಿತು ಎನ್ನೋಣ. ಹಳಬರಿಂದ 90ರ ಬದಲು 94 ಬಂತು, ಹೊಸಬರಿಂದ 160ರ ಬದಲು 118. ಪ್ರಚಾರದ ಖರ್ಚು 25,000 ಪೂರ್ತಿ ಹೋಯಿತು. 212ನ್ನು 340ರಿಂದ ಗುಣಿಸಿ, ಖರ್ಚು ಕಳೆದರೆ 47,080 ರೂಪಾಯಿ ಉಳಿಯಿತು. ಗುರಿ ತಪ್ಪಿತು. ಅದನ್ನು ಹಾಗೆಯೇ ಬರೆಯಿರಿ, ಸಮರ್ಥನೆ ಬೇಡ. ಪಕ್ಕದಲ್ಲಿ ಗೊತ್ತಾದದ್ದನ್ನು ಬರೆಯಿರಿ: ಪಿತೃಪಕ್ಷಕ್ಕೆ ಮೊದಲು ಸಂದೇಶ ಕಳಿಸಿದ್ದು ಹಳಬರಲ್ಲಿ ಕೆಲಸ ಮಾಡಿರಬಹುದು. ಮೂರನೇ ವಾರ ಸೆಟ್ ಸಿದ್ಧ ಇರದೆ ಹೊಸಬರ ಆರ್ಡರ್ ಬಿಡಬೇಕಾಯಿತು. ಈ ಸಲ ಕೊಂಡ 118 ಹೊಸಬರ ನಂಬರ್‌ಗಳನ್ನು, ಅವರ ಒಪ್ಪಿಗೆ ಕೇಳಿ, ಹಳೆ ಗಿರಾಕಿಗಳ ಪಟ್ಟಿಗೆ ಸೇರಿಸಿ. ಆ ಪಟ್ಟಿ ಈಗ 718. ಮುಂದಿನ ವರ್ಷದ ಹಾಳೆಯ ಮೊದಲ ಸಾಲಿಗೆ ಅದೇ ಅಂಕಿ ಬರುತ್ತದೆ.